ಬೆರಳಿಲ್ಲದ ಕೈಗೊಂದು ಪೆನ್ನು

ಸೆರಿಟೋಸ್ ಸುತ್ತಮುತ್ತ ಇರುವ ಕನ್ನಡದ ಹೆಂಗಸರಿಗೆ ಬ್ಲೌಸ್ ಹೊಲಿಸಬೇಕೆಂದರೆ ತುಳಸಮ್ಮನೇ ಆಗಬೇಕು. ತಮ್ಮ ಗೋಪಿನಾಥನ ಮನೆಯ ಗ್ಯಾರೇಜಿನಲ್ಲಿ ಅವಳ ಹೊಲಿಗೆ ಮಷೀನು, ಇಸ್ತ್ರಿ ಮೇಜು, ಒಂದು ಉದ್ದ ಕನ್ನಡಿ. ಕಾರು ಪಾಪ ಹೊರಗೆ ಬಿಸಿಲಲ್ಲಿ ನಿಲ್ಲುತ್ತದೆ.

ದಾವಣಗೆರೆಯಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಚಿಕ್ಕಪ್ಪನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಲು ಕೂತವಳು ಅವಳು. ಮದುವೆ ಕೂಡಿಬರಲಿಲ್ಲ, ಅದಕ್ಕೆ ಅವಳು ಹೆಚ್ಚು ಅತ್ತವಳೂ ಅಲ್ಲ. ತಮ್ಮ ಅಪ್ಲೈ ಮಾಡಿದ ಗ್ರೀನ್ ಕಾರ್ಡಿಗೆ ಹದಿಮೂರು ವರ್ಷ ಕಾದು, ಅರವತ್ತರ ಹೊಸ್ತಿಲಲ್ಲಿ, 2020ರ ಫೆಬ್ರವರಿಯಲ್ಲಿ ಬಂದಿಳಿದಳು. ಬಂದು ತಿಂಗಳು ಕಳೆಯುವುದರೊಳಗೆ ಊರೆಲ್ಲ ಬಾಗಿಲು ಹಾಕಿಕೊಂಡಿತು. ಮೊದಲ ವರ್ಷ ಮಾಸ್ಕು ಹೊಲಿದಳು, ಎರಡನೇ ವರ್ಷ ಬ್ಲೌಸು. ಮೂರನೇ ವರ್ಷ, ಅಂದರೆ 2022ರ ಬೇಸಿಗೆಯಲ್ಲಿ, ತಮ್ಮನ ಮಗಳು ವೈಷ್ಣವಿಯ ಜೊತೆ ಸ್ಯಾನ್ ಡಿಯಾಗೋದ ಪೆಲಿಕನ್ ಕೋವ್ ಎಂಬ ಪಾರ್ಕಿಗೆ ಹೋದಳು. ಅಲ್ಲಿಂದ ಅವಳ ತಲೆಗೆ ಪೆನ್ನು ಹೊಕ್ಕಿತು.

ಆ ಪಾರ್ಕಿನಲ್ಲಿ ಪ್ರಾಣಿವೇಷ ಹಾಕಿಕೊಂಡವರು ಅಡ್ಡಾಡುತ್ತಾರೆ. ಒಳಗಿರುವವರು ಬಾಯಿ ಬಿಡುವಂತಿಲ್ಲ. ಕೈ ಬೀಸಬೇಕು, ತಬ್ಬಬೇಕು, ಮಕ್ಕಳು ಪುಸ್ತಕ ಚಾಚಿದರೆ ಸಹಿ ಹಾಕಬೇಕು. ಹಿಂದಿನ ವರ್ಷವೆಲ್ಲ ಕಾಯಿಲೆಯ ಭಯಕ್ಕೆ ಹಗ್ಗದ ಆಚೆ ನಿಂತೇ ಕೈ ಬೀಸುತ್ತಿದ್ದವರು ಆಗಷ್ಟೇ ಮತ್ತೆ ಹತ್ತಿರ ಬಂದು ಸಹಿ ಹಾಕಲು ಶುರುಮಾಡಿದ್ದರು. ಒಂಬತ್ತು ತುಂಬಿ ಹತ್ತಕ್ಕೆ ಬಿದ್ದಿದ್ದ ವೈಷ್ಣವಿ ಪ್ರಾಣಿಗೊಂದರಂತೆ ಹನ್ನೆರಡು ಪುಟದ ಪುಸ್ತಕ ಹಿಡಿದು ಕರಡಿಯ ಮುಂದೆ ನಿಂತಳು. ಕರಡಿ ಅವಳ ಸಣ್ಣ ಬಾಲ್ ಪೆನ್ನನ್ನು ಹಿಡಿಯಲು ಹೋಗಿ ಬೀಳಿಸಿತು. ಎತ್ತಿಕೊಟ್ಟರು, ಮತ್ತೆ ಬೀಳಿಸಿತು. ಮೂರನೆಯ ಸಲ ಪೆನ್ನು ಹಾಳೆಯ ಮೇಲೆ ಗೀಚಿಕೊಂಡು ಹೋಯಿತು.

ಎಲ್ಲರೂ ನಕ್ಕರು. ತುಳಸಮ್ಮ ಮಾತ್ರ ಕರಡಿಯ ಕೈಯನ್ನೇ ನೋಡುತ್ತಿದ್ದಳು. ನಾಲ್ಕೇ ಬೆರಳು, ಒಳಗೆ ತುಂಬಿದ ಹತ್ತಿ, ಹೆಬ್ಬೆರಳಿಗೆ ಹೊಲಿಗೆ ಬಿಗಿ ಹಾಕಿದ್ದಾರೆ, ಮಡಚಲು ಬರುವುದಿಲ್ಲ. ಅಂಥ ಕೈಗೆ ಸಣ್ಣ ಪೆನ್ನು ಕೊಡುವುದೆಂದರೆ ಕೈಗೆ ಪ್ಲಾಸ್ಟರ್ ಹಾಕಿದವನಿಗೆ ಸೂಜಿಗೆ ದಾರ ಪೋಣಿಸು ಅಂದಂತೆ. ಬ್ಯಾಗಿನಿಂದ ಬಟ್ಟೆಯ ಮೇಲೆ ಗುರುತು ಹಾಕುವ ತನ್ನ ದಪ್ಪ ಪೆನ್ಸಿಲ್ ತೆಗೆದು ಕರಡಿಯ ಕೈಗಿಟ್ಟಳು. ಕರಡಿ ಸಲೀಸಾಗಿ ಬರೆಯಿತು. ಬರೆದು, ಅವಳ ಎರಡೂ ಕೈ ಹಿಡಿದು ಕುಲುಕಿತು. ಇಂಗ್ಲಿಷ್ ಬಾರದ ಅವಳೂ ಮಾತಾಡುವಂತಿಲ್ಲದ ಕರಡಿಯೂ ಒಂದು ನಿಮಿಷ ಚೆನ್ನಾಗಿ ಹರಟೆ ಹೊಡೆದಂತಾಯಿತು.

ಮನೆಗೆ ಬಂದವಳೇ ಅಡುಗೆಮನೆಯ ಓವನ್ ಗ್ಲೌಸಿಗೆ ಹತ್ತಿ ತುಂಬಿ ಕರಡಿಯ ಕೈ ಮಾಡಿದಳು. ಪೆನ್ನುಗಳ ಪರೀಕ್ಷೆ ಶುರುವಾಯಿತು, ಅದರ ನೆಪದಲ್ಲಿ ಮತ್ತೆ ಮತ್ತೆ ಪಾರ್ಕಿಗೆ ಹೋಗುವುದೂ. ಒತ್ತಿ ತೆರೆಯುವ ಪೆನ್ನು ಬೇಡ, ಆ ಕೈಗೆ ಒತ್ತಲು ಬರುವುದಿಲ್ಲ. ಜೆಲ್ ಪೆನ್ನು ಬೇಡವೇ ಬೇಡ, ಮಸಿ ಆರುವುದರೊಳಗೆ ತುಪ್ಪಳಕ್ಕೆ ಹತ್ತುತ್ತದೆ. ಒಮ್ಮೆ ಬಿಳಿ ಪೆಂಗ್ವಿನ್ನಿನ ರೆಕ್ಕೆಗೆ ನೀಲಿ ಹತ್ತಿ, ಜೊತೆಯಲ್ಲಿ ಕಾವಲು ನಿಂತವರು ಮುಖ ಗಂಟಿಕ್ಕಿದ್ದು ಅವಳಿಗೆ ಮರೆತಿರಲಿಲ್ಲ. ಅಳಿಸದ ಮಸಿಯ ದಪ್ಪ ಮಾರ್ಕರ್ ಹಾಳೆಯ ಹಿಂದಕ್ಕೆ ಇಳಿದು, ಹುಲಿಯ ಪುಟದಲ್ಲಿ ಮೊಲದ ಹೆಸರು ಮೂಡುತ್ತದೆ. ಕೊನೆಗೆ ಮಕ್ಕಳು ಅಕ್ಷರ ತಿದ್ದುವ, ಮೂರು ಮುಖದ ದಪ್ಪ ಸ್ಕೆಚ್ ಪೆನ್ನು ಗೆದ್ದಿತು.

"ಅತ್ತಿಗೆ, ಜನ ಬ್ಲೌಸಿಗೆ ಕಾಯ್ತಾ ಕೂತಿದಾರೆ, ನೀವು ಕರಡಿ ಕೈಗೆ ಹತ್ತಿ ತುಂಬ್ತಾ ಇದೀರಲ್ಲ," ಅಂದಳು ಗೋಪಿನಾಥನ ಹೆಂಡತಿ ನಮ್ರತಾ.

"ಬ್ಲೌಸಿನವರಿಗೆ ಬಾಯಿ ಇದೆ, ಬೈದು ಹೊಲಿಸ್ಕೋತಾರೆ. ಇವನ್ನ ಯಾರು ಕೇಳೋರು?"

ಮುಂದಿನ ವರ್ಷದ ಹೊತ್ತಿಗೆ ವೈಷ್ಣವಿಗೆ ಇದೆಲ್ಲ ಸಾಕಾಯಿತು. "ಅತ್ತೆ, ಇಟ್ಸ್ ಫಾರ್ ಬೇಬೀಸ್. ಯು ಕೀಪ್ ಇಟ್," ಎಂದು ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದಳು. ತುಳಸಮ್ಮ ಬೇಡವೆನ್ನಲಿಲ್ಲ. ಹನ್ನೊಂದು ಪುಟ ತುಂಬಿದ್ದವು. ಹನ್ನೆರಡನೆಯದು ಖಾಲಿ. ಅದು ಟಸ್ಕರ್ ಎಂಬ ವಾಲ್ರಸ್ಸಿನ ಪುಟ.

ವಾಲ್ರಸ್ ಅಂದರೆ ಎರಡು ಉದ್ದ ಹಲ್ಲು, ಪೊರಕೆಯಂಥ ಮೀಸೆ ಇರುವ ಸಮುದ್ರದ ಪ್ರಾಣಿ. ಅದಕ್ಕೆ ಬೆರಳೇ ಇಲ್ಲ. ಮೊರದಂತೆ ಅಗಲವಾದ ಎರಡು ಈಜುರೆಕ್ಕೆ, ಅಷ್ಟೇ. ಯಾವ ಮಗು ಪುಸ್ತಕ ಚಾಚಿದರೂ ಟಸ್ಕರ್ ತಲೆ ಅಲ್ಲಾಡಿಸಿ, ರೆಕ್ಕೆಯನ್ನು ಎದೆಗೊತ್ತಿಕೊಂಡು, ಮಗುವಿನ ತಲೆ ಸವರಿ ಕಳಿಸುತ್ತಿತ್ತು. ಇಷ್ಟು ವರ್ಷದಲ್ಲಿ ಅದು ಯಾರಿಗೂ ಸಹಿ ಹಾಕಿದ್ದಿಲ್ಲ. ಅದಕ್ಕೆ ಸಹಿಯೇ ಇಲ್ಲ.

"ಇಲ್ಲ ಅಂತ ಯಾಕೆ? ಪೆನ್ನು ಕೊಟ್ಟು ನೋಡಿದಾರಾ?" ಅಂದಳು ತುಳಸಮ್ಮ.

ಆಗಸ್ಟಿನಲ್ಲಿ ಅವಳು ಮಾಡಿದ ಮೊದಲ ಪೆನ್ನು ಗುಂಡುಸೂಜಿ ಚುಚ್ಚಿಡಲು ಅವಳು ಸದಾ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸೂಜಿದಿಂಬಿನ ಮಾದರಿಯದು: ಎಲಾಸ್ಟಿಕ್ ಪಟ್ಟಿಗೆ ಪೆನ್ನು ಹೊಲಿದು ರೆಕ್ಕೆಗೆ ಕಟ್ಟುವುದು. ವಾಲ್ರಸ್ಸಿನ ಜೊತೆ ನಿಲ್ಲುವ ಮರಿಸೋಲ್ ಎಂಬ ಹುಡುಗಿ ನಯವಾಗಿಯೇ ಬೇಡವೆಂದಳು. ವೇಷಕ್ಕೆ ಏನನ್ನೂ ಕಟ್ಟುವಂತಿಲ್ಲ, ಪಾರ್ಕಿನ ನಿಯಮ. ತುಳಸಮ್ಮ ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡು, ಹತ್ತು ನಿಮಿಷ ಪಕ್ಕದಲ್ಲಿ ನಿಂತು ವಾಲ್ರಸ್ಸನ್ನು ನೋಡಿದಳು. ಅದು ಮಕ್ಕಳಿಗೆ ಎರಡೂ ರೆಕ್ಕೆ ತಟ್ಟಿ ಚಪ್ಪಾಳೆ ಹೊಡೆದು ತೋರಿಸುತ್ತಿತ್ತು.

"ಸಿಕ್ತು. ಒಂದು ಕೈಯಲ್ಲಿ ಯಾಕೆ ಹಿಡೀಬೇಕು? ಎರಡರ ಮಧ್ಯ ಹಿಡೀಲಿ, ಒನಕೆ ಹಿಡಿದ ಹಾಗೆ," ಅಂದಳು.

ಎರಡು ಮೊರದ ನಡುವೆ ನಿಲ್ಲಬೇಕಾದರೆ ಪೆನ್ನು ತೋಳಿನಷ್ಟು ದಪ್ಪ ಇರಬೇಕು, ಹಗುರವಾಗಿರಬೇಕು, ಜಾರಬಾರದು. ಈಜು ಕಲಿಯುವ ಮಕ್ಕಳು ತೇಲಲು ಹಿಡಿಯುವ ಪೂಲ್ ನೂಡಲ್ ಎಂಬ ಸ್ಪಂಜಿನ ಕೊಳವೆ ಇದೆಯಲ್ಲ, ನಡುವೆ ತೂತು ಇರುವುದು, ಅದನ್ನು ಗೇಣುದ್ದ ಕತ್ತರಿಸಿ, ತೂತಿನೊಳಗೆ ಸ್ಕೆಚ್ ಪೆನ್ನು ತುರುಕಿ, ಮೇಲೆ ಒರಟು ಕ್ಯಾನ್ವಾಸ್ ಸುತ್ತಿ ಹೊಲಿದಳು. ಮೂರು ಕೆಟ್ಟವು, ನಾಲ್ಕನೆಯದು ಬರೆಯಿತು. ಅಷ್ಟರಲ್ಲಿ ಅಕ್ಟೋಬರ್ ಬಂತು, ನವರಾತ್ರಿ ಬಂತು.

ಶುಕ್ರವಾರ ಮೂಲಾ ನಕ್ಷತ್ರ. ಸರಸ್ವತಿಯ ಮುಂದೆ ಪುಸ್ತಕ ಇಡುವ ದಿನ. ಇಟ್ಟ ಪುಸ್ತಕವನ್ನು ದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ತುಳಸಮ್ಮ ವರ್ಷದಲ್ಲಿ ಎಷ್ಟು ಹಬ್ಬ ತಪ್ಪಿಸಿದರೂ ಇದನ್ನು ತಪ್ಪಿಸುವವಳಲ್ಲ. ದಾವಣಗೆರೆಯಲ್ಲಿ ಅವಳ ಹತ್ತಿರ ಇಡಲಿಕ್ಕೆ ಗಿರಾಕಿಗಳ ಅಳತೆ ಪುಸ್ತಕವೊಂದೇ ಇತ್ತು. ಅದನ್ನೇ ಅರಿಶಿನ ಹಚ್ಚಿ ಇಡುತ್ತಿದ್ದಳು. ಈ ವರ್ಷ ಅಳತೆ ಪುಸ್ತಕದ ಮೇಲೆ ಸಹಿಯ ಪುಸ್ತಕ, ಅದರ ಮೇಲೆ ವಾಲ್ರಸ್ಸಿನ ಪೆನ್ನು, ಪೆನ್ನಿಗೊಂದು ಚೆಂಡುಹೂವು. ಮಂಗಳವಾರ ದಶಮಿ. ಅದರ ನಂತರದ ಶನಿವಾರ ಪಾರ್ಕಿಗೆ ಹೋಗುವುದೆಂದು ಗೋಪಿನಾಥನ ಕೈಲಿ ಮಾತು ತೆಗೆದುಕೊಂಡಿದ್ದಳು.

ಮಾರನೆಯ ದಿನ, ಶನಿವಾರ ಬೆಳಿಗ್ಗೆ, ನಾಲ್ಕು ಮನೆ ಆಚೆಯ ವಿಜಯ ಸೀರೆ ಹಿಡಿದು ಬಂದಳು. ಸೋಮವಾರ ಸಂಜೆ ಅವರ ಮನೆಯಲ್ಲಿ ಅರಿಶಿನ ಕುಂಕುಮ.

"ತುಳಸಮ್ಮ, ಒಂದೇ ಒಂದು ಬ್ಲೌಸು. ನನ್ನ ಅಳತೆ ನಿಮ್ಮ ಬುಕ್ಕಲ್ಲಿ ಇದೆಯಲ್ಲ."

"ಬುಕ್ಕು ದೇವರ ಹತ್ತಿರ ಇದೆಯಮ್ಮ. ಮಂಗಳವಾರದ ತನಕ ಮುಟ್ಟಲ್ಲ."

"ಒಂದು ಪೇಜ್ ನೋಡಿ ಇಟ್ಟುಬಿಡಿ. ಯಾರು ನೋಡ್ತಾರೆ?"

"ಯಾರ ಮುಂದೆ ಇಟ್ಟಿದೀನೋ ಅವಳು ನೋಡ್ತಾಳೆ."

ವಿಜಯ ಮೂತಿ ಉಬ್ಬಿಸಿಕೊಂಡು ಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ವೈಷ್ಣವಿ ಫೋನ್ ನೋಡುತ್ತಿದ್ದವಳು ತಟ್ಟನೆ ತಲೆಯೆತ್ತಿದಳು. "ಅತ್ತೆ, ಟಸ್ಕರ್ ಈಸ್ ರಿಟೈರಿಂಗ್. ಟುಮಾರೋ ಈಸ್ ಹಿಸ್ ಲಾಸ್ಟ್ ಡೇ."

ಗೋಪಿನಾಥ ಫೋನ್ ಇಸಿದುಕೊಂಡು ಓದಿ ಹೇಳಿದ. ಪಾರ್ಕಿನೊಳಗೆ ಬಂದರಿನ ಹಾಗೆ ಕಟ್ಟಿದ, ವಾಲ್ರಸ್ ನಿಲ್ಲುವ ಜಾಗವನ್ನು ಕೆಡವಿ ಹೊಸದೇನೋ ಕಟ್ಟುತ್ತಾರೆ. ನಾಳೆ ಭಾನುವಾರ ಹನ್ನೊಂದರಿಂದ ಎರಡು ಗಂಟೆಯವರೆಗೆ ಟಸ್ಕರ್ ಮಕ್ಕಳನ್ನು ಕಾಣುತ್ತದೆ. ಆಮೇಲೆ ಇಲ್ಲ.

ತುಳಸಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಎಲ್ಲರ ಕಣ್ಣೂ ದೇವರ ಗೂಡಿನ ಕಡೆ ಹೋದವು. ಅಲ್ಲಿ ಚೆಂಡುಹೂವು ಮುಡಿದುಕೊಂಡು ಪೆನ್ನು ಮಲಗಿತ್ತು.

"ಅಕ್ಕ, ಸ್ವಲ್ಪ ಉತ್ತರಕ್ಕೆ ಜರುಗಿಸಿಬಿಟ್ಟರೆ ವಿಸರ್ಜನೆ ಆದ ಹಾಗೇ ಲೆಕ್ಕ," ಅಂದ ಗೋಪಿನಾಥ. "ಅಕ್ಷತೆ ಹಾಕಿ ತೆಗಿ. ದೇವರಿಗೆ ಅರ್ಥ ಆಗತ್ತೆ."

"ಬೆಳಿಗ್ಗೆ ವಿಜಯಂಗೆ ಇಲ್ಲ ಅಂದಿದೀನಿ."

"ಅದು ಬ್ಲೌಸು."

"ಅವಳ ಬ್ಲೌಸಿಗೆ ತೆಗೀದವಳು ನನ್ನ ಚಪಲಕ್ಕೆ ತೆಗೀಲಾ? ನಾಳೆ ಯಾವ ಮುಖ ಇಟ್ಕೊಂಡು ಅವಳ ಎದುರಿಗೆ ನಿಲ್ಲಲಿ?"

"ಹಾಗಾದ್ರೆ ಬಿಟ್ಟುಬಿಡಿ ಅತ್ತಿಗೆ," ಅಂದಳು ನಮ್ರತಾ, ಮೆತ್ತಗೆ. "ಒಂದು ಪುಟ ಖಾಲಿ ಇದ್ದರೆ ಏನಾಗತ್ತೆ?"

"ಬಿಡೋದು ಯಾಕೆ?" ತುತ್ತು ಬಾಯಿಗೆ ಹೋಯಿತು. "ಅದನ್ನ ತೆಗೆಯಲ್ಲ ಅಂದೆ. ಇನ್ನೊಂದು ಮಾಡಲ್ಲ ಅಂದ್ನಾ? ಹೊಸ ಪೆನ್ನು ಮಾಡ್ತೀನಿ. ಪುಸ್ತಕದ ಬದಲು ಬಟ್ಟೆ. ಬಿಳಿ ಪಾಪ್ಲಿನ್ ತುಂಡನ್ನ ಕಸೂತಿ ಹಾಕೋ ಮರದ ಬಳೆಗೆ ಬಿಗಿದು ಹಿಡೀತೀನಿ. ದಶಮಿ ಆದಮೇಲೆ ಆ ಪುಟಕ್ಕೆ ಹೊಲಿಯೋದು."

"ಈ ದಿನಗಳಲ್ಲಿ ಬರೆಯಲೇಬಾರದು ಅಂತಲ್ವಾ?" ಅಂದಳು ನಮ್ರತಾ.

"ಬರೆಯೋದು ನಾನಾ? ವಾಲ್ರಸ್ಸಿಗೆ ಯಾವ ನವರಾತ್ರಿ?"

ವೈಷ್ಣವಿ ನಗುತ್ತಾ ನೀರು ನೆತ್ತಿಗೇರಿಸಿಕೊಂಡಳು.

ಊಟದ ತಟ್ಟೆ ತೊಳೆದಿಟ್ಟು ಗ್ಯಾರೇಜಿಗೆ ಬಂದ ತುಳಸಮ್ಮ ನೂಡಲ್‌ನ ಉಳಿದ ತುಂಡಿಗೆ ಹುಡುಕಾಡಿದಳು. ಹಬ್ಬಕ್ಕೆ ಗ್ಯಾರೇಜ್ ಚೊಕ್ಕಟ ಮಾಡಿದ ನಮ್ರತಾ ಅದನ್ನು ಗುರುವಾರವೇ ಕಸಕ್ಕೆ ಹಾಕಿದ್ದಳು. ಪಯೋನಿಯರ್ ಬೀದಿಯ ಕಡೆಯ ಎರಡು ಅಂಗಡಿ, ಫ್ರೀವೇ ಪಕ್ಕದ ದೊಡ್ಡ ಅಂಗಡಿ, ಎಲ್ಲಾ ಕಡೆ ಗೋಪಿನಾಥ ಅವಳನ್ನು ಕೂರಿಸಿಕೊಂಡು ಹೋದ. ಬಟ್ಟೆಗೆ ಬರೆಯುವ ಮಾರ್ಕರ್ ಸಿಕ್ಕಿತು, ನೂಡಲ್ ಸಿಗಲಿಲ್ಲ. ಅಕ್ಟೋಬರಿನಲ್ಲಿ ಅಂಗಡಿಗಳ ತುಂಬ ಕುಂಬಳಕಾಯಿ, ಅಸ್ಥಿಪಂಜರ. ಬೇಸಿಗೆಯ ಸಾಮಾನೆಲ್ಲ ಒಳಗೆ ಹೋಗಿತ್ತು.

"ಈಗ ಯಾರ ಮನೇಲಿ ಸ್ವಿಮ್ಮಿಂಗ್ ಪೂಲ್ ಇದೆ?" ಅಂದ ಗೋಪಿನಾಥ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬೀದಿಯಲ್ಲಿ ಈಜುಕೊಳ ಇದ್ದದ್ದು ವಿಜಯಳ ಮನೆಯಲ್ಲಿ.

ತುಳಸಮ್ಮ ಸೆರಗು ಸರಿಮಾಡಿಕೊಂಡು ಒಬ್ಬಳೇ ಹೋಗಿ ಬೆಲ್ ಒತ್ತಿದಳು. ಸುತ್ತುಬಳಸದೆ ಎಲ್ಲವನ್ನೂ ಹೇಳಿದಳು. ವಿಜಯ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡಳು.

"ಅಂದರೆ ನನ್ನ ಬ್ಲೌಸಿಗೆ ಪುರುಸೊತ್ತಿಲ್ಲ, ವಾಲ್ರಸ್ಸಿಗೆ ಇದೆ."

"ಬ್ಲೌಸಿಗೂ ಪುರುಸೊತ್ತಿದೆ, ವಾಲ್ರಸ್ಸಿಗೂ ಇದೆ. ಪುಸ್ತಕ ಮುಟ್ಟಲ್ಲ ಅಂದೆ, ಹೊಲಿಯಲ್ಲ ಅನ್ನಲಿಲ್ಲ. ಸೋಮವಾರದ ಆಯುಧಪೂಜೆಗೆ ಮಷೀನು ಇಡೋ ಮುಂಚೆ ಹೊಲಿದು ಮುಗಿಸ್ತೀನಿ. ಮೈಗೆ ಸರಿಯಾಗಿ ಕೂತಿರೋ ಹಳೇ ಬ್ಲೌಸ್ ಒಂದು ಕೊಡು. ಅದನ್ನೇ ಬಟ್ಟೆ ಮೇಲಿಟ್ಟು ಕತ್ತರಿಸ್ತೀನಿ."

"ಇದನ್ನ ಬೆಳಿಗ್ಗೆ ಹೇಳಕ್ಕೆ ಏನಾಗಿತ್ತು?"

"ಬೆಳಿಗ್ಗೆ ನೀನು ಕದ್ದು ನೋಡು ಅಂದೆ, ನನಗೆ ಕೋಪ ಬಂತು. ಬುದ್ಧಿ ಓಡಲಿಲ್ಲ."

ವಿಜಯ ನಕ್ಕುಬಿಟ್ಟಳು. ಹಿತ್ತಲಿಗೆ ಹೋಗಿ ಬಿಸಿಲಿಗೆ ಬಣ್ಣ ಹೋದ ಹಸಿರು ನೂಡಲ್ ಒಂದನ್ನು ಹಳೆಯ ಬ್ಲೌಸಿನ ಜೊತೆ ತಂದುಕೊಟ್ಟಳು. "ಸೋಮವಾರ ನಾಲ್ಕು ಗಂಟೆಗೆ ಬೇಕು. ಕಂಕುಳಲ್ಲಿ ಬಿಗಿ ಆಗಬಾರದು."

ಸಂಜೆಯ ಬೆಳಕಿರುವಾಗಲೇ ಪೆನ್ನು ಕೂತಿತು. ಬಟ್ಟೆಯ ಮಾರ್ಕರ್ ಸ್ಕೆಚ್ ಪೆನ್ನಿಗಿಂತ ಸಣ್ಣ, ತೂತಿನಲ್ಲಿ ಒತ್ತಿದರೆ ಒಳಗೆ ಹೋಗಿಬಿಡುತ್ತಿತ್ತು. ಬಟ್ಟೆಯ ಪಟ್ಟಿ ಸುತ್ತಿ ಸುತ್ತಿ ಬಿಗಿ ಮಾಡಿದಳು. ಆದರೆ ಬರೆದು ನೋಡುವ ಹಾಗಿಲ್ಲವಲ್ಲ! ವೈಷ್ಣವಿಯನ್ನು ಕರೆದಳು. ಆ ಹುಡುಗಿಗೆ ಶಾಲೆಯ ಹೋಮ್‌ವರ್ಕಿಗೆ ಹಬ್ಬದ ರಜೆ ಇರಲಿಲ್ಲ, ಹೇಗೂ ಬರೆಯುವವಳೇ. ಎರಡು ಕೈಗೂ ಓವನ್ ಗ್ಲೌಸ್ ಹಾಕಿಕೊಂಡು, ಚಿಂದಿ ಬಟ್ಟೆಯ ಮೇಲೆ ಸುತ್ತು ಎಳೆದಳು, ಗೆರೆ ಎಳೆದಳು.

"ಇಟ್ ವರ್ಕ್ಸ್, ಅತ್ತೆ."

"ಜೋರಾಗಿ ಒತ್ತು. ಅದು ದೊಡ್ಡ ಪ್ರಾಣಿ."

ವೈಷ್ಣವಿ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಮಾರ್ಕರ್ ಕದಲಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಟರೂ ಓಷನ್‌ಸೈಡ್ ಹತ್ತಿರ ಕಾರುಗಳು ತೆವಳುತ್ತಿದ್ದವು. ಕಾರ್ಮೆಲ್ ವ್ಯಾಲಿ ದಾಟುವಾಗ ಹನ್ನೊಂದೂ ಕಾಲು. ತುಳಸಮ್ಮ ಇಂಗ್ಲಿಷಿನ ಒಂದು ವಾಕ್ಯವನ್ನು ಬಾಯೊಳಗೇ ಮಣಮಣ ಹೇಳಿಕೊಳ್ಳುತ್ತಾ ಕೂತಿದ್ದಳು.

ಸಾಲು ಬಂದರಿನ ಗೋಡೆಯನ್ನು ಸುತ್ತಿ ಐಸ್‌ಕ್ರೀಮ್ ಗಾಡಿಯವರೆಗೆ ಹೋಗಿತ್ತು. ಅವಳ ಪಾಳಿ ಬರುವಾಗ ಹನ್ನೆರಡೂವರೆ ದಾಟಿತ್ತು. ಮುಂದಿದ್ದ ಮಕ್ಕಳೆಲ್ಲ ಪುಸ್ತಕ ಚಾಚಿದರು, ಟಸ್ಕರ್ ಎಲ್ಲರಿಗೂ ತಲೆ ಅಲ್ಲಾಡಿಸಿ ತಲೆ ಸವರಿತು. ತುಳಸಮ್ಮ ಎದುರು ಹೋಗಿ ಹಸಿರು ಪೆನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಓ, ಮೇಡಂ, ಹಿ ಡಸಂಟ್ ಸೈನ್," ಎಂದಳು ಮರಿಸೋಲ್. ಗುರುತು ಹಿಡಿದಿದ್ದಳು, ಮುಖದಲ್ಲಿ ನಗುವಿತ್ತು.

"ಪ್ಲೀಸ್. ನೋ ಟೈ. ಲೆಟ್ ಹಿಮ್ ಟ್ರೈ."

ಮರಿಸೋಲ್ ಪೆನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಟ್ಟುವುದು ಇಲ್ಲ, ಸೋರುವುದು ಇಲ್ಲ. ವಾಲ್ರಸ್ಸಿನ ಕಡೆ ತಿರುಗಿ ಭುಜ ಕುಣಿಸಿದಳು: ನಿನ್ನಿಷ್ಟ.

ಟಸ್ಕರ್ ತಲೆ ಅಲ್ಲಾಡಿಸಲಿಲ್ಲ. ಪೆನ್ನಿನ ಕಡೆ ಬಗ್ಗಿ ನೋಡಿತು. ಆಮೇಲೆ ಎರಡೂ ರೆಕ್ಕೆಗಳನ್ನು ಮುಂದೆ ಚಾಚಿತು. ತುಳಸಮ್ಮ ಅವುಗಳ ನಡುವೆ ಪೆನ್ನು ನಿಲ್ಲಿಸಿದಳು, ವೈಷ್ಣವಿ ಮುಚ್ಚಳ ಕಿತ್ತಳು. ಟಸ್ಕರ್ ಒನಕೆಯಂತೆ ಪೆನ್ನನ್ನು ಎತ್ತಿ, ತುಳಸಮ್ಮ ಬ್ಯಾಗಿನಿಂದ ತೆಗೆದು ಹಿಡಿದ ಕಸೂತಿಯ ಬಳೆಯ ಬಟ್ಟೆಗೆ ಇಳಿಸಿತು. ಬಟ್ಟೆ ತಗ್ಗಿತು, ಪೆನ್ನಿನ ಮೂತಿ ಜಾರಿ ಅಂಚಿಗೆ ಓಡಿತು. ಗೆರೆ ಮೂಡಲಿಲ್ಲ.

ಹಿಂದೆ ಯಾರೋ ಅಯ್ಯೋ ಎಂದರು. ಮರಿಸೋಲ್ ಪೆನ್ನು ತೆಗೆದುಕೊಳ್ಳಲು ಕೈ ಚಾಚಿದಳು.

"ಒನ್ ಮಿನಿಟ್!" ತುಳಸಮ್ಮನ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. ಮಣಿಕಟ್ಟಿನ ಸೂಜಿದಿಂಬು ಕಿತ್ತು ವೈಷ್ಣವಿಯ ಕೈಗೆ ಕೊಟ್ಟಳು. ಬಲಗೈಯಲ್ಲಿ ಬಳೆ ಹಿಡಿದು, ಎಡ ಅಂಗೈಯನ್ನು ಬಟ್ಟೆಯ ಅಡಿಗೆ ಹಲಗೆಯಂತೆ ಒತ್ತಿ ಹಿಡಿದಳು. "ಹೂಂ, ಈಗ ಬರಿಯಪ್ಪ."

ಪೆನ್ನು ಮತ್ತೆ ಇಳಿಯಿತು. ಅಂಗೈಗೆ ಅದರ ಮೂತಿ ಒತ್ತುವುದು ಅವಳಿಗೆ ತಿಳಿಯಿತು. ನಿಧಾನಕ್ಕೆ ಮೇಲಿಂದ ಕೆಳಕ್ಕೆ ಒಂದು ಉದ್ದ ಗೆರೆ. ಪಕ್ಕದಲ್ಲಿ ಇನ್ನೊಂದು. ಸಹಿಯೇ ಇಲ್ಲದ ಪ್ರಾಣಿ, ಯಾರೂ ಕಲಿಸಿಲ್ಲ, ಏನು ಬರೆದೀತು? ತನ್ನ ಎರಡು ಹಲ್ಲು ಬರೆಯಿತು. ಆಮೇಲೆ ಆ ಕಡೆ ಮೂರು, ಈ ಕಡೆ ಮೂರು ಮೀಸೆ. ಬರೆದು ತಲೆ ಓರೆ ಮಾಡಿ ನೋಡಿಕೊಂಡಿತು. ಸಾಲಿನಲ್ಲಿದ್ದವರು ಚಪ್ಪಾಳೆ ಹೊಡೆದರು. ತುಳಸಮ್ಮ ಕೈ ತೆಗೆದಾಗ ಮಸಿ ಬಟ್ಟೆ ದಾಟಿ ಅವಳ ಅಂಗೈಯ ಮೇಲೂ ಎರಡು ಹಲ್ಲು ಮೂಡಿದ್ದವು.

ಅವಳು ಪೆನ್ನಿಗೆ ಕೈ ಚಾಚಿದಳು. ಟಸ್ಕರ್ ಕೊಡಲಿಲ್ಲ. ಅಷ್ಟರಲ್ಲಿ ಹಿಂದಿನ ಮಗು ತನ್ನ ಪುಸ್ತಕ ಚಾಚಿಬಿಟ್ಟಿತ್ತು. ಟಸ್ಕರ್ ಆ ಪುಸ್ತಕ ನೋಡಿತು, ತುಳಸಮ್ಮನನ್ನು ನೋಡಿತು.

"ಬರಿ ಬರಿ, ನನ್ನೇನು ಕೇಳ್ತೀಯ," ಅಂದಳು ತುಳಸಮ್ಮ. ಮಗುವಿನ ಪುಸ್ತಕದ ಅಡಿಗೂ ತನ್ನ ಅಂಗೈ ಕೊಟ್ಟಳು. ಅದರ ಹಿಂದಿನ ಮಗುವಿಗೂ ಕೊಟ್ಟಳು. ಪುಸ್ತಕ ಮುಚ್ಚಿಕೊಂಡು ಬಂದವರಿಗೆ "ಓಪನ್, ಓಪನ್!" ಅಂದಳು. ಸುದ್ದಿ ಹಬ್ಬಿ ಈಗಾಗಲೇ ತಲೆ ಸವರಿಸಿಕೊಂಡು ಹೋದ ಮಕ್ಕಳೂ ಓಡಿಬಂದು ಸಾಲಿಗೆ ಸೇರಿದರು. ಪುಸ್ತಕ ಇಲ್ಲದವರು ಟೋಪಿ ಚಾಚಿದರು, ಪಾರ್ಕಿನ ನಕ್ಷೆ ಚಾಚಿದರು. ಗೋಪಿನಾಥ ಬಳೆಯನ್ನು ಗಾಳಿಗೆ ಹಿಡಿದು ಮಸಿ ಆರಿಸುತ್ತಾ ನಿಂತ. ಎರಡು ಗಂಟೆಗೆ ಗಂಟೆ ಬಾರಿಸಿದರೂ ಮರಿಸೋಲ್ ಇನ್ನೂ ಹತ್ತು ನಿಮಿಷ ಬಿಟ್ಟಳು.

ಕೊನೆಗೆ ಟಸ್ಕರ್ ಹಸಿರು ಪೆನ್ನನ್ನು ಎದೆಗೊತ್ತಿಕೊಂಡೇ ಬಂದರಿನ ಬಾಗಿಲೊಳಗೆ ಹೋಯಿತು. ಯಾರೂ ಕೇಳಲಿಲ್ಲ.

ಕಾರು ನಿಲ್ಲಿಸಿದ ಕಡೆಗೆ ನಡೆಯುವಾಗ ಗೋಪಿನಾಥ, "ಅಕ್ಕ, ಅಷ್ಟು ಕಷ್ಟಪಟ್ಟು ಮಾಡಿದ ಪೆನ್ನು ಹೋಯ್ತಲ್ಲ," ಅಂದ.

"ಹೋಗಲಿ. ಅದರ ತಲೆ ಭಾರ ಜಾಸ್ತಿ ಆಗಿತ್ತು. ನೋಡ್ಲಿಲ್ವಾ, ಮೀಸೆ ಬರೆಯುವಾಗ ಹೇಗೆ ವಾಲ್ತಿತ್ತು? ಇನ್ನು ಎರಡು ಬೆರಳಷ್ಟು ಗಿಡ್ಡ ಕತ್ತರಿಸಬೇಕಿತ್ತು."

"ಅತ್ತೆ, ಹಿ ಈಸ್ ರಿಟೈರ್ಡ್," ಅಂದಳು ವೈಷ್ಣವಿ.

"ಅವನು ಆದ. ನಾನು ಆಗಿಲ್ಲವಲ್ಲ. ಬೇಗ ನಡೀರಿ, ವಿಜಯನ ಬ್ಲೌಸು ಇನ್ನೂ ಕತ್ತರಿಸಬೇಕು."